ಬೆರಳಿಗೆ ಹತ್ತಿದ ವಾಶರ್

ಮೇಜು ಒರೆಸುವಾಗ ಒದ್ದೆ ಬಟ್ಟೆಯ ಅಂಚಿನಿಂದ ಏನೋ ಒಂದು ದಾಕ್ಷಾಯಿಣಿಯ ನಡುಬೆರಳಿಗೆ ಹತ್ತಿಕೊಂಡಿತು. ಅನ್ನದ ಅಗುಳಿರಬೇಕೆಂದು ಹೆಬ್ಬೆರಳಿನಿಂದ ಉಜ್ಜಿದಳು. ಅಗುಳಾಗಿದ್ದರೆ ಹಿಸುಕಿ ಹೋಗುತ್ತಿತ್ತು. ಇದು ಹೋಗಲಿಲ್ಲ. ದುಂಡಗೆ, ತೆಳ್ಳಗೆ, ನಡುವೆ ತೂತು. ಕಣ್ಣಿನ ಹತ್ತಿರ ತಂದು ನೋಡುವುದೇ ಬೇಡವಾಯಿತು, ಇಪ್ಪತ್ತು ವರ್ಷ ಪಳಗಿದ ಬೆರಳೇ ಹೇಳಿತು: ಕತ್ತರಿಯ ವಾಶರ್.

ಮೇಜು ಒರೆಸುವುದು ಅಲ್ಲಿಗೇ ನಿಂತಿತು.

ಕತ್ತರಿಯ ಎರಡು ಅಲಗು ಕೂಡುವಲ್ಲಿ ಒಂದು ಸ್ಕ್ರೂ ಇರುತ್ತದಲ್ಲ, ಅದರ ತಲೆಯ ಕೆಳಗೆ ಕೂರುವ ಬಿಳಿ ಪ್ಲಾಸ್ಟಿಕ್ ಉಂಗುರ ಇದು. ಮೂಗುಬೊಟ್ಟಿಗಿಂತ ಸಣ್ಣದು. ಮನೆಯಲ್ಲಿ ಹಾಲಿನ ಪಾಕೀಟು ಕತ್ತರಿಸುವ ಕತ್ತರಿಗೆ ಇಂಥ ಮರ್ಯಾದೆ ಇರುವುದಿಲ್ಲ. ಕ್ಷೌರದಂಗಡಿಯವರ, ಪಾರ್ಲರಿನವರ, ನಾಯಿಗಳ ಕೂದಲು ಕತ್ತರಿಸುವವರ ಬೆಲೆಬಾಳುವ ಕತ್ತರಿಗಳಿಗೆ ಇರುತ್ತದೆ. ಇದನ್ನು ಹಾಕದೆ ಬಿಗಿದರೂ ಸ್ಕ್ರೂ ಬಿಗಿಯಾಗಿಯೇ ಕೂತಂತೆ ಅನಿಸುತ್ತದೆ. ಹರಿತ ನೋಡಲು ಹಿಡಿದ ಒದ್ದೆ ಟಿಶ್ಯೂ ಕಾಗದವನ್ನೂ ಕತ್ತರಿ ಸರ್ರನೆ ಸೀಳುತ್ತದೆ. ಮೋಸ ಇರುವುದೇ ಅಲ್ಲಿ. ಒಂದೊಂದು ಸಲ ತೆರೆದು ಮುಚ್ಚಿದಾಗಲೂ ಸ್ಕ್ರೂ ಕೂದಲೆಳೆಯಷ್ಟು ತಿರುಗುತ್ತ ಹೋಗುತ್ತದೆ. ಇನ್ನೂರು ಸಲವೋ ಮುನ್ನೂರು ಸಲವೋ ಆದಮೇಲೆ ಹಿಡಿದ ಕೈಗೂ ಗೊತ್ತಾಗದ ಹಾಗೆ ಒಂದು ಅಲಗು ಇನ್ನೊಂದನ್ನು ಬಿಟ್ಟು ಹೊರಳಿಬಿಡುತ್ತದೆ. ಆಗ ಅಲ್ಲಿ ಕೂದಲಿದ್ದರೆ ಪುಣ್ಯ. ಕಿವಿಯಿದ್ದರೆ? ಕಣ್ಣಿದ್ದರೆ?

ಅವತ್ತು ಬೆಳಿಗ್ಗೆ ಅವಳು ಬಿಚ್ಚಿ, ಸಾಣೆ ಹಿಡಿದು, ಮತ್ತೆ ಕೂಡಿಸಿದ ಕತ್ತರಿಗಳು ಮೂರು. ಮೂರೂ ತಮ್ಮ ತಮ್ಮ ಒಡೆಯರ ಕೈ ಸೇರಿಯಾಗಿತ್ತು. ಟೋಲ್ ನಾಕಾದ ಹತ್ತಿರ ಕ್ಷೌರದಂಗಡಿ ಇಟ್ಟಿರುವ ನವಾಜ ಎಂಟಕ್ಕೇ ಬಂದು ತನ್ನದನ್ನು ಒಯ್ದಿದ್ದ. ಕೆಲಗೇರಿಯಲ್ಲಿ ನಾಯಿಗಳಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸುವ ಋತುಜಾ ಒಂಬತ್ತೂವರೆಗೆ. ಸತ್ತೂರಿನಲ್ಲಿ ಪಾರ್ಲರ್ ನಡೆಸುವ ಭಾಗ್ಯಶ್ರೀ ಹತ್ತಕ್ಕೆ. ಈಗ ಗಡಿಯಾರದಲ್ಲಿ ಒಂದೂ ಹತ್ತು. ಮೂವರಲ್ಲಿ ಯಾರದೋ ಕೈಯಲ್ಲಿ ವಾಶರ್ ಇಲ್ಲದ ಕತ್ತರಿ ಮೂರು ತಾಸಿಗಿಂತ ಹೆಚ್ಚು ಹೊತ್ತಿನಿಂದ ಆಡುತ್ತಿದೆ.

ಹೇಗಾಯಿತು ಎಂದು ಯೋಚಿಸುವ ಅಗತ್ಯವೇ ಇರಲಿಲ್ಲ. ತಾರಿಹಾಳದ ಕಾರ್ಖಾನೆಯ ಟೂಲ್ ರೂಮಿನಲ್ಲಿ ಅವಳಿಗೆ ಸಾಣೆ ಕಲಿಸಿದ ಸಿದ್ಧಾರೂಢ ಮಾಸ್ತರರು ಒಂದು ಮಾತನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು: “ಸ್ಕ್ರೂ ಬಿಚ್ಚಿದ ಮ್ಯಾಲ ಮನಿಗೆ ಬೆಂಕಿ ಬಿದ್ರೂ ಏಳಬ್ಯಾಡ. ಕೂಡಿಸಿ ಏಳು.” ಮನೆಗೆ ಬೆಂಕಿ ಬೀಳಲಿಲ್ಲ, ಕುಕ್ಕರ್ ಮೂರನೆಯ ಸೀಟಿ ಹೊಡೆಯಿತು ಅಷ್ಟೇ. ಬೇಳೆ ಹತ್ತೀತೆಂದು ಎದ್ದು ಹೋದಳು. ಬಂದು ಕೂತಾಗ ಯಾವುದನ್ನು ಹಾಕಿದ್ದೆ, ಯಾವುದನ್ನು ಹಾಕಿರಲಿಲ್ಲ ಎಂದು ನೋಡಬೇಕಿತ್ತು. ನೋಡಿದಳು ಕೂಡ. ಅವಳ ಕಣ್ಣಿಗೆ ಬಿಳಿ ಮೇಜಿನ ಮೇಲಿನ ಬಿಳಿ ವಾಶರ್ ಕಾಣಲಿಲ್ಲ.

ಇದು ದಾಕ್ಷಾಯಿಣಿಯ ಗುಟ್ಟು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ದೀಪಾವಳಿಯ ಹೊತ್ತಿಗೇ ಡಾಕ್ಟರು ಚೀಟಿ ಬರೆದುಕೊಟ್ಟು, ಲಗೂನ ಆಪರೇಶನ್ ಮಾಡಿಸಿಕೊಳ್ಳಿ ಎಂದಿದ್ದರು. ಗಂಡ ಮಹಾಂತಯ್ಯ ಆ ಚೀಟಿಯನ್ನು ದೇವರ ಜಗುಲಿಯ ಮೇಲೆ ವಿಭೂತಿ ಗಟ್ಟಿಯ ಕೆಳಗಿಟ್ಟು ದಿನಾ ಒಂದು ಸಲ ನೆನಪು ಮಾಡುತ್ತಿದ್ದ. ಅವಳು ಇವತ್ತು ನಾಳೆ ಎಂದು ದೂಡುತ್ತಿದ್ದಳು. ಅವಳ ಅವ್ವ ಆಪರೇಶನ್ ಮಾಡಿಸಿಕೊಂಡ ಮೇಲೂ ಬಲಗಣ್ಣು ಬಂದಿರಲಿಲ್ಲ. ಆ ಕಾಲ ಬೇರೆ, ಈ ಕಾಲ ಬೇರೆ ಎಂದು ಎಲ್ಲರೂ ಹೇಳುತ್ತಾರೆ. ಹೇಳುವವರ ಕಣ್ಣೇನು ಪಣಕ್ಕಿರುವುದಿಲ್ಲ. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಹುಬ್ಬಳ್ಳಿ-ಧಾರವಾಡ ಎರಡೂ ಊರಲ್ಲಿ ಹೊಟ್ಟೆ ಉಬ್ಬಿದ ಅಲಗಿನ ಜಪಾನಿ ಕತ್ತರಿಗೆ ಅದರ ಉಬ್ಬು ಕೆಡದ ಹಾಗೆ ಸಾಣೆ ಹಿಡಿಯುವವಳು ಅವಳೊಬ್ಬಳೇ. ಉಳಿದವರು ಚಾಕುವಿಗೆ ಹಿಡಿದಂತೆ ಹಿಡಿದು ಕತ್ತರಿಯ ಶ್ರಾದ್ಧ ಮಾಡುತ್ತಾರೆ. ಸಾಣೆಯವಳಿಗೆ ಕಣ್ಣು ಕಾಣಿಸುವುದಿಲ್ಲವಂತೆ ಎಂಬ ಮಾತು ಒಂದು ಅಂಗಡಿಯಲ್ಲಿ ಹುಟ್ಟಿದರೆ ಸಂಜೆಯೊಳಗೆ ಇಪ್ಪತ್ತು ಅಂಗಡಿ ಮುಟ್ಟುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆಮೇಲೆ ಕಣ್ಣು ಬಂದರೂ ಕತ್ತರಿ ಬರುವುದಿಲ್ಲ.

ಅದಕ್ಕೇ ಒಂದು ವರ್ಷದಿಂದ ಪಡಸಾಲೆಗೆ ಅಡ್ಡ ಪರದೆ ಕಟ್ಟಿ ಅದರ ಹಿಂದೆ ಕೂತು ಕೆಲಸ ಮಾಡುತ್ತಿದ್ದಳು. ಕೇಳಿದವರಿಗೆ ಇದು ನಮ್ಮ ಕಸುಬಿನ ಗುಟ್ಟು ಎನ್ನುತ್ತಿದ್ದಳು. ಪರದೆಯ ಹಿಂದೆ ಅವಳು ಮಾಡುತ್ತಿದ್ದುದು ಇಷ್ಟೇ: ಕತ್ತರಿಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿಯುವುದು, ಅಲಗು ಕಲ್ಲಿನ ಮೇಲೆ ಸರಿಯುವ ಸಪ್ಪಳ ಕೇಳುವುದು, ಉಗುರಿನಿಂದ ಮೊನೆ ಮುಟ್ಟುವುದು. ಸಾಣೆಗೆ ಕಿವಿ, ಬೆರಳು ಸಾಕು. ಕೂಡಿಸುವುದಕ್ಕೆ ಮಾತ್ರ ಕಣ್ಣು ಬೇಕು.

ಮೊದಲು ಭಾಗ್ಯಶ್ರೀಗೆ ಫೋನು ಮಾಡಿದಳು. ಪುಣ್ಯಕ್ಕೆ ಅವಳು ಊಟಕ್ಕೆ ಕೂತಿದ್ದಳು.

“ಭಾಗ್ಯಾ, ಎಂಟಾಣೆ ಇದ್ರ ತಗೊಂಡು ಆ ಸ್ಕ್ರೂ ಸ್ವಲ್ಪ ಬಿಚ್ಚಿ ನೋಡವಾ. ಕೆಳಗ ಬಿಳೇ ಉಂಗುರ ಐತೇನು?”

“ಎಂಟಾಣೆ ಎಲ್ಲಿಂದ ತರ್ಲ್ಯಾ ಅಕ್ಕಾ? ರೂಪಾಯಿಲೆ ಬಿಚ್ತೇನಿ ತಡೀರಿ... ಹಾಂ, ಐತ್ರಿ. ಯಾಕ್ರಿ?”

“ಏನಿಲ್ಲವಾ, ಸುಮ್ನ ಕೇಳಿದೆ. ಅದನ್ನ ಹಾಕೇ ಬಿಗಿ ಮತ್ತ.”

ಒಂದು ಕಳೆಯಿತು. ಉಳಿದದ್ದು ಎರಡು. ನವಾಜನ ಫೋನು ಸ್ವಿಚ್ ಆಫ್ ಆಗಿತ್ತು. ಶುಕ್ರವಾರ, ನಮಾಜಿಗೆ ಹೋಗಿರುತ್ತಾನೆ; ಎರಡರ ತನಕ ಅಂಗಡಿ ಮುಚ್ಚಿರುತ್ತದೆ, ಮುಚ್ಚಿದ ಅಂಗಡಿಯಲ್ಲಿ ಕತ್ತರಿ ಯಾರಿಗೂ ಏನೂ ಮಾಡುವುದಿಲ್ಲ. ಋತುಜಾಳ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಮತ್ತೊಮ್ಮೆ ಮಾಡಿದಳು. ಏಳು ಸಲ ಮಾಡಿದಳು. ಎತ್ತುತ್ತಿಲ್ಲವೆಂದರೆ ಎರಡೂ ಕೈ ಕೆಲಸದಲ್ಲಿವೆ ಎಂದೇ ಅರ್ಥ. ಬೆಳಿಗ್ಗೆ ಕತ್ತರಿ ಒಯ್ಯುವಾಗ ಅವಳು ಹೇಳಿದ ಮಾತು ಈಗ ದಾಕ್ಷಾಯಿಣಿಗೆ ನೆನಪಾಯಿತು: “ಮಧ್ಯಾಹ್ನ ಒಂದು ಮುದಿ ಲಾಸಾ ನಾಯಿ ಬರ್ತದ ಮೌಶಿ. ಕಣ್ಣ ಮ್ಯಾಲಿನ ಕೂದ್ಲಾ ತಗೀಬೇಕು, ಅದಕ್ಕs ಇಷ್ಟು ಅವಸರ ಮಾಡ್ಲಿಕ್ಕತ್ತೇನಿ.”

ವಾಶರನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಬಾಗಿಲಿಗೆ ಕೀಲಿ ಜಡಿದು, ಸಪ್ತಾಪುರದ ಮೂಲೆಯಲ್ಲಿ ಸಿಕ್ಕ ಆಟೋ ಹತ್ತಿದಳು. ಒಲೆ ಆರಿಸಿದೆನೋ ಇಲ್ಲವೋ ಎಂಬುದು ಅರ್ಧ ದಾರಿಯಲ್ಲಿ ನೆನಪಾಯಿತು. ಆರಿಸಿರದಿದ್ದರೆ ಮಾಸ್ತರರ ಮಾತು ಪೂರ್ತಿಯೇ ನಿಜವಾದೀತು. ದಾರಿಯುದ್ದಕ್ಕೂ ಮನಸ್ಸು ಲೆಕ್ಕ ಹಾಕುತ್ತಿತ್ತು. ಬೆನ್ನಿಗೆ ನೂರು ಸಲ. ಕಾಲಿಗೆ ಮೂವತ್ತು, ನಾಲ್ಕು ಕಾಲಿಗೆ ನೂರಿಪ್ಪತ್ತು. ಬಾಲ, ಕಿವಿ. ಮುಖ ಎಲ್ಲರೂ ಕೊನೆಗೆ ಮಾಡುವುದು. ಮುಖಕ್ಕೆ ಬರುವ ಹೊತ್ತಿಗೆ ಸರಿಯಾಗಿ ಮುನ್ನೂರು ಆಗುತ್ತದೆ. ಲೆಕ್ಕ ತಪ್ಪಿರಲಿ ಎಂದು ಬಸವಣ್ಣನನ್ನು ಬೇಡಿಕೊಂಡಳು.

ಋತುಜಾಳ ಅಂಗಡಿಯಲ್ಲಿ ಗಾಜಿನ ಬಾಗಿಲಾಚೆ ಮೇಜಿನ ಮೇಲೆ ನಾಯಿ ನಿಂತಿತ್ತು. ದಾಕ್ಷಾಯಿಣಿಗೆ ಅದು ಬರೀ ಬೂದು ಬಣ್ಣದ ಮುದ್ದೆ. ಅದರ ಮೇಲೆ ಬಾಗಿದ ಋತುಜಾ, ಅವಳ ಕೈಯಲ್ಲಿ ಆಗೊಮ್ಮೆ ಈಗೊಮ್ಮೆ ಮಿಣುಕುವ ಉಕ್ಕು. ಹೊರಗಿನ ಬೆಂಚಿನ ಮೇಲೆ ನಾಯಿಯ ಒಡತಿ ಅಜ್ಜಿಯೊಬ್ಬರು ಜಪಮಾಲೆ ಹಿಡಿದು ಕೂತಿದ್ದರು.

“ಒಳಗ ಹೋಗಬ್ಯಾಡ್ರೀ,” ಎಂದರು ಅಜ್ಜಿ ಪಿಸುಮಾತಿನಲ್ಲಿ. “ನಮ್ಮ ಬಂಟಿಗೆ ಎರಡೂ ಕಣ್ಣು ಹೋಗ್ಯಾವ. ಸಪ್ಪಳಾದ್ರ ಗಾಬರಿಯಾಗಿ ಜಿಗೀತದ. ಈಗ ಕಣ್ಣಿನ ಹಂತ್ಯಾಕ ಕತ್ತರಿ ನಡದದ.”

ಕೂಗಿದರೆ ನಾಯಿ ಬೆಚ್ಚುತ್ತದೆ. ಕೂಗದಿದ್ದರೆ ಕತ್ತರಿ ಹೊರಳುತ್ತದೆ. ಅತ್ತ ದರಿ, ಇತ್ತ ಪುಲಿ. ದಾಕ್ಷಾಯಿಣಿ ಚಪ್ಪಲಿ ಬಿಟ್ಟಳು. ಕೈಯ ಬಳೆಗಳನ್ನು ಮೇಲಕ್ಕೆ ಸರಿಸಿ ಸಪ್ಪಳವಾಗದ ಹಾಗೆ ಬಿಗಿಮಾಡಿಕೊಂಡಳು. ಗಾಜಿನ ಬಾಗಿಲನ್ನು ತಳ್ಳುವಾಗ ಉಸಿರನ್ನೂ ಹಿಡಿದಿದ್ದಳು. ಒಳಗೆ ಕಾಲಿಟ್ಟು, ತೊಟ್ಟಿಲ ಕೂಸಿಗೆ ಹೇಳುವ ದನಿಯಲ್ಲಿ, ರಾಗವಾಗಿ ಹೇಳಿದಳು: “ಋತುಜಾ... ನಾ ಬಂದೇನಿ... ಕೈ ಹಂಗs ಹಿಂದಕ್ಕ ತಗೀವಾ... ಕತ್ತರಿ ಕೆಳಗಿಡು...”

ಕತ್ತರಿ ನಿಂತಿತು. ಹಿಂದಕ್ಕೆ ಬಂತು. ಮೇಜಿನ ಮೇಲೆ ಕೂತಿತು. ದಾಕ್ಷಾಯಿಣಿ ಹತ್ತಿರ ಹೋಗಿ ಅದನ್ನು ಎತ್ತಿಕೊಂಡಳು.

“ಏನಾತ್ರಿ ಮೌಶಿ?”

“ಏನಿಲ್ಲ. ಸ್ಕ್ರೂ ಸ್ವಲ್ಪ ಸಡ್ಲ ಬಿಟ್ಟೆ ಏನೋ ಅಂತ ಅನುಮಾನ ಬಂತು. ಒಂದೀಟು ನೋಡ್ತೇನಿ.”

ಕಿಟಕಿಯ ಕಡೆ ತಿರುಗಿ, ಋತುಜಾಗೆ ಬೆನ್ನು ಮಾಡಿ ನಿಂತು ಸ್ಕ್ರೂ ಬಿಚ್ಚಿದಳು. ಉಗುರಿನಿಂದ ಕೆದಕಿದಳು. ಇತ್ತು! ಬೆಳಿಗ್ಗೆ ತಾನೇ ಬಿಟ್ಟ ಎಣ್ಣೆಯಲ್ಲಿ ಜಾರುತ್ತ ಬೆರಳ ಮೇಲೆ ಬಂತು. ಆದರೂ ನಂಬಿಕೆ ಬರಲಿಲ್ಲ. ಸೆರಗಿನ ಗಂಟು ಬಿಚ್ಚಿ, ತಂದಿದ್ದ ವಾಶರನ್ನು ಅದರ ಮೇಲಿಟ್ಟು ಒತ್ತಿ ನೋಡಿದಳು. ಒಂದೇ ಅಳತೆ, ಒಂದೇ ದಪ್ಪ, ಅನುಮಾನವೇ ಇಲ್ಲ. ಋತುಜಾಳ ಕತ್ತರಿ ಸರಿಯಿದೆ! ಕಣ್ಣಲ್ಲಿ ನೀರೇ ಬಂತು. ಲಗುಬಗೆಯಿಂದ ಸ್ಕ್ರೂ ಕೂಡಿಸಿ ಬಿಗಿದಳು, ವಾಶರನ್ನು ಮತ್ತೆ ಸೆರಗಿಗೆ ಗಂಟು ಹಾಕಿದಳು.

“ನೋಡಿದ್ರೇನು?”

“ನೋಡಿದೆ. ಎಲ್ಲಾ ಬರೋಬ್ಬರಿ ಐತಿ.”

“ಇಷ್ಟಕ್ಕ ಆಟೋ ಮಾಡ್ಕೊಂಡು ಬಂದ್ರ್ಯಾ? ನಿಮ್ಮಷ್ಟು ಕಾಳಜಿ ಯಾರು ಮಾಡ್ತಾರ್ರಿ ಮೌಶಿ,” ಎಂದು ಋತುಜಾ ಫೋನು ತೆಗೆದು ನೋಡಿ ನಾಲಿಗೆ ಕಚ್ಚಿಕೊಂಡಳು. “ಏಳು ಸಲಾ ಮಾಡೀರಿ! ಇನ್ನ ಇದನ್ನ ವೈಬ್ರೇಟ್ ಇಟ್ಟು ಏಪ್ರನ್ ಕಿಸೇದಾಗ ಹಾಕ್ಕೋತೇನಿ. ಈ ಬಂಟಿಗೂ ದಣುವಾಗೇದ. ವಯಸ್ಸಾದ ನಾಯಿ, ನಡುನಡುವ ಬಿಡಬೇಕಾಗ್ತದ. ಒಂದು ತಾಸು ಮಲಗಸ್ತೇನಿ, ಆಮ್ಯಾಲ ಎರಡನೇ ಕಣ್ಣು.”

ನಾಯಿ ದಾಕ್ಷಾಯಿಣಿಯ ಕೈ ಮೂಸಿತು. ಇಷ್ಟು ಹತ್ತಿರದಲ್ಲಿ ಅವಳಿಗೂ ಕಂಡಿತು: ಅದರ ಕಣ್ಣುಗುಡ್ಡೆಯ ಮೇಲೆ ಮಜ್ಜಿಗೆ ಬಳಿದಂಥ ಬಿಳುಪು. ಅವಳು ಕೈಯನ್ನು ಹಿಂದಕ್ಕೆಳೆದುಕೊಂಡಳು.

ಮೂರರಲ್ಲಿ ಎರಡು ಕಳೆದರೆ ಉಳಿಯುವುದು ನವಾಜ. ಎರಡು ಗಂಟೆ ಹೊಡೆಯುತ್ತ ಬಂದಿತ್ತು. ಮತ್ತೊಂದು ಆಟೋ. ಜ್ಯುಬಿಲಿ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಅವಳಿಗೆ ಇಳಿದು ಓಡಬೇಕೆನ್ನಿಸಿತು. ನವಾಜ ಮೂವತ್ತು ವರ್ಷದ ಕಸುಬುದಾರ, ಮಧ್ಯಾಹ್ನದ ಮೊದಲೇ ಎಷ್ಟು ತಲೆ ಮುಗಿಸಿರುತ್ತಾನೋ. ಯಾರ ಕಿವಿಗೆ ತಗುಲಿರಬಹುದು? ತಗುಲಿದ್ದರೆ ಫೋನು ಬರುತ್ತಿತ್ತು. ಬಂದಿಲ್ಲ. ಆದರೆ ಅವನ ಫೋನೇ ಸ್ವಿಚ್ ಆಫ್ ಆಗಿದೆಯಲ್ಲ! ಹೀಗೆ ಸಮಾಧಾನ ಒಂದು ಹೆಜ್ಜೆ ಮುಂದೆ ಬಂದರೆ ಭಯ ಎರಡು ಹೆಜ್ಜೆ ಬರುತ್ತಿತ್ತು.

ಅಂಗಡಿ ಆಗಷ್ಟೇ ತೆರೆದಿತ್ತು. ಗಿರಾಕಿ ಇರಲಿಲ್ಲ. ಬಿಳಿ ಟೋಪಿ ಇನ್ನೂ ತಲೆಯ ಮೇಲಿದ್ದ ನವಾಜ ಕನ್ನಡಿ ಒರೆಸುತ್ತಿದ್ದ.

“ಬರ್ರಿ ಅಕ್ಕಾರ, ಬಿಸಲಾಗ ಬಂದೀರಿ. ಚಾ ಹೇಳ್ಲ್ಯಾ?”

“ನವಾಜಣ್ಣಾ, ಮೊದಲ ಕತ್ತರಿ ಕೊಡ್ರಿ. ಅದರಾಗ ವಾಶರ್...”

“ಇದ್ದಿದ್ದಿಲ್ಲ,” ಎಂದ ನವಾಜ, ಕನ್ನಡಿ ಒರೆಸುವುದನ್ನು ನಿಲ್ಲಿಸದೆ. “ಮುಂಜಾನೆ ಮೊದಲನೇ ಗಿರಾಕಿಗೆ ಬಾಚಣಿಕೆ ಹಿಡದು ಎರಡು ಸಲ ಆಡಿಸಿದೆ ನೋಡ್ರಿ, ಸಪ್ಪಳ ಬ್ಯಾರೆ ಬಂತು. ಬಿಚ್ಚಿ ನೋಡಿದೆ. ಹಳೇ ಕತ್ತರೀದು ಒಂದು ವಾಶರ್ ಬಿದ್ದಿತ್ತು, ತಗದು ಹಾಕಿದೆ. ಯಾರಿಗೂ ಏನೂ ಆಗಿಲ್ಲ. ಕುಂದರ್ರಿ ಮೊದಲ.”

ದಾಕ್ಷಾಯಿಣಿ ತಿರುಗುವ ಕುರ್ಚಿಯ ಮೇಲೆ ಕುಸಿದು ಕೂತಳು. ಎದುರಿನ ಕನ್ನಡಿಯಲ್ಲಿ ಅವಳಿಗೆ ಅವಳದೇ ಮುಖ ಮಸುಕು ಮಸುಕಾಗಿ ಕಂಡಿತು.

“ಇಷ್ಟು ವರ್ಷದಾಗ ಹಿಂಗ ಎಂದೂ ಆಗಿದ್ದಿಲ್ಲ,” ಎಂದಳು.

ನವಾಜ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದ, ಬಿಚ್ಚಿದ, ಮತ್ತೆ ಮಡಚಿದ.

“ಏನ್ರಿ?”

“ಸಿಟ್ಟಾಗಬ್ಯಾಡ್ರಿ. ಇದು ಮೂರನೇ ಸಲ. ಶ್ರಾವಣದಾಗ ಸ್ಕ್ರೂ ಅರ್ಧಾ ಬಿಗದು ಕೊಟ್ಟಿದ್ರಿ. ಸಂಕ್ರಾಂತಿ ಮುಂದ ತುದಿ ಎರಡೂ ಕೂಡಿದ್ದಿಲ್ಲ, ಒಂದರ ಮ್ಯಾಲ ಒಂದು ಹತ್ತಿದ್ವು. ನಾನs ಸರಿ ಮಾಡ್ಕೊಂಡೆ.”

“ನನಗ್ಯಾಕ ಹೇಳ್ಲಿಲ್ಲ?” ಅವಳ ದನಿ ಅವಳಿಗೇ ಕೇಳದಷ್ಟು ಸಣ್ಣದಾಗಿತ್ತು. ಮರುಗಳಿಗೆ ದೊಡ್ಡದಾಯಿತು. “ಯಾಕ ಹೇಳ್ಲಿಲ್ಲ ಅಂತೇನಿ! ನೀವು ಉಸ್ತಾದ್ರು, ನಿಮಗ ಸಪ್ಪಳದಾಗ ತಿಳೀತು. ಆ ಋತುಜಾ ಮೊನ್ನೆ ಮೊನ್ನೆ ಕತ್ತರಿ ಹಿಡದ ಹುಡುಗಿ, ಆಕಿಗೆ ಹೆಂಗ ತಿಳೀಬೇಕು? ಆಕಿ ಕೈಯಾಗಿನ ಜೀವಕ್ಕ ಏನರ ಆಗಿದ್ರ ಯಾರ ತಲಿಗೆ?”

ಅವಳಿಗೆ ನವಾಜನ ಮೇಲೆ ಕಡುಕೋಪ ಬಂದಿತ್ತು. ಅದರಲ್ಲಿ ಅರ್ಧ ತನ್ನ ಮೇಲಿನದೇ ಎಂದೂ ಗೊತ್ತಿತ್ತು.

“ಹೆಂಗ ಹೇಳ್ಲಿ ಅಕ್ಕಾರ?” ಎಂದ ನವಾಜ. “ನಾನೂ ಕೈ ಕಸುಬಿನಾಂವ. ನವಾಜನ ಕೈ ನಡಗಾಕತ್ತೈತಿ ಅಂತ ನಾಳೆ ಯಾರರ ನನ್ನ ಮಾರಿ ಮ್ಯಾಲ ಅಂದ್ರ ನಾ ಅವತ್ತs ಶಟರ್ ಎಳದು ಮನ್ಯಾಗ ಕುಂದರ್ತೇನಿ. ನಿಮಗ ಹಂಗ ಆಗಬಾರದು ಅಂತ ಸುಮ್ಮನಿದ್ದೆ. ತಪ್ಪಾತು.”

ದಾಕ್ಷಾಯಿಣಿ ಕೈ ಸುಮ್ಮನಿರಲಾರದೆ ಸೆರಗಿನ ಗಂಟು ಬಿಚ್ಚಿ ವಾಶರನ್ನು ಅವನ ಅಂಗೈಗೆ ಹಾಕಿದಳು. “ತಗೋರಿ. ನಿಮ್ಮದು ನಿಮಗ ಇರ್ಲಿ.”

ನವಾಜ ಅದನ್ನು ಬೆಳಕಿಗೆ ಹಿಡಿದ. ಹೆಬ್ಬೆರಳಿನಿಂದ ಒಮ್ಮೆ ತಿಕ್ಕಿದ. ಅವನ ಹುಬ್ಬು ಗಂಟಿಕ್ಕಿತು.

“ಅಕ್ಕಾರ, ಇವು ಎರಡು ಅದಾವಲ್ರಿ.”

“ಎರಡೆಲ್ಲಿ? ಒಂದs.”

“ಎರಡ್ರಿ. ಎಣ್ಣಿಗೆ ಒಂದಕ್ಕೊಂದು ಹತ್ಯಾವು. ನೋಡ್ರಿ.” ಉಗುರು ಹಾಕಿ ಬಿಡಿಸಿ ಅವಳ ಅಂಗೈಯಲ್ಲಿ ಬೇರೆ ಬೇರೆ ಇಟ್ಟ. ನೋಡುವುದೇನಿತ್ತು, ಬೆರಳಿಗೆ ತಿಳಿಯಿತು. ಒಂದು. ಎರಡು.

ಋತುಜಾಳ ಕಿಟಕಿ ನೆನಪಾಯಿತು. ಎಣ್ಣೆಯಲ್ಲಿ ಜಾರಿದ ವಾಶರ್, ಅದರ ಮೇಲೆ ತಾನೇ ಇಟ್ಟು ಒತ್ತಿದ ಇನ್ನೊಂದು. ಆಮೇಲೆ ಲಗುಬಗೆಯಿಂದ ಕೂಡಿಸಿದ ಸ್ಕ್ರೂ. ಸರಿಯಾಗಿದ್ದ ಕತ್ತರಿಯನ್ನು ತಾನೇ ಹೋಗಿ ಕೆಡಿಸಿ, ಎಲ್ಲಾ ಬರೋಬ್ಬರಿ ಐತಿ ಎಂದು ಹೇಳಿ ಬಂದಿದ್ದಳು.

“ಯಾರದಿದು?” ಎಂದ ನವಾಜ. “ಋತುಜಾಂದು,” ಎಂದಳು. ಫೋನು ತೆಗೆದಳು, ಬೆರಳು ಎಲ್ಲೆಲ್ಲೋ ಬಿತ್ತು. ಅವನೇ ಕಸಿದುಕೊಂಡು ಋತುಜಾಳ ಹೆಸರು ಒತ್ತಿ ಅವಳ ಕಿವಿಗೆ ಹಿಡಿದ. ರಿಂಗಾಗುತ್ತಿತ್ತು. ಎರಡು ಸಲ. ಮೂರು ಸಲ. ನಾಯಿ ಮಲಗಿರಲಿ, ದೇವರೇ, ಇನ್ನೂ ಮಲಗಿರಲಿ. ನಾಲ್ಕು.

“ಹಾಂ ಮೌಶಿ, ಹೇಳ್ರಿ. ಈಗಷ್ಟ ಎದ್ದಾನ ಬಂಟಿ. ಎರಡನೇ ಕಣ್ಣು ಚಾಲೂ ಮಾಡೋದಿತ್ತು.”

“ಬ್ಯಾಡ. ಕತ್ತರಿ ಮುಟ್ಟಬ್ಯಾಡ.”

“ಯಾಕ್ರಿ? ಈಗಷ್ಟ ನೀವs ನೋಡಿ ಹೋದ್ರಲ್ಲ?”

ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಒಳ್ಳೆಯ ಸುಳ್ಳೇ. ಹೊಸ ಸ್ಕ್ರೂ ಹಾಕಿಕೊಡುತ್ತೇನೆ ಎಂದರೆ ಮುಗಿಯುತ್ತಿತ್ತು. ಹುಡುಗಿ ಮತ್ತೊಮ್ಮೆ ನಿಮ್ಮಷ್ಟು ಕಾಳಜಿ ಯಾರು ಮಾಡುತ್ತಾರೆ ಎನ್ನುತ್ತಿದ್ದಳು. ಕನ್ನಡಿಯಲ್ಲಿ ನವಾಜ ತನ್ನನ್ನೇ ನೋಡುತ್ತಿದ್ದಾನೆಂದು ದಾಕ್ಷಾಯಿಣಿಗೆ ಗೊತ್ತಿತ್ತು, ಕಾಣದಿದ್ದರೂ ಗೊತ್ತಿತ್ತು.

“ನೋಡಲಿಲ್ಲವಾ ಋತುಜಾ,” ಎಂದಳು. “ಬರೇ ಮುಟ್ಟಿದೆ. ನನಗ ಕಣ್ಣು ಕಾಣಂಗಿಲ್ಲ. ಒಂದು ವರ್ಷಾತು. ನಿನ್ನ ಕತ್ತರಿ ವಾಶರ್ ನನ್ನ ಕೈಯಾಗ ಐತಿ.”

ಆ ಕಡೆಯಿಂದ ಉಕ್ಕಿನ ಕತ್ತರಿಯನ್ನು ಕಬ್ಬಿಣದ ಮೇಜಿನ ಮೇಲೆ ಇಟ್ಟ ಸಪ್ಪಳ ಕೇಳಿಸಿತು. ದಾಕ್ಷಾಯಿಣಿ ಫೋನನ್ನು ಕಿವಿಯಿಂದ ತೆಗೆಯದೆ ಹಾಗೇ ಕೂತಳು. ನವಾಜ ಟೋಪಿ ತೆಗೆದು ಕಿಸೆಯಲ್ಲಿಟ್ಟುಕೊಂಡು, ಎರಡು ವಾಶರನ್ನೂ ಕಾಗದದಲ್ಲಿ ಸುತ್ತಿ, ಸ್ಕೂಟರಿನ ಕೀಲಿ ಹುಡುಕತೊಡಗಿದ.

“ನಡೀರಿ ಅಕ್ಕಾರ,” ಎಂದ. “ನೀವು ಬಿಗೀರಿ. ನಾ ನೋಡ್ತೇನಿ.”